ಭಾವವಿಲ್ಲದ ಭಾವಚಿತ್ರ

1970ರ ಅಕ್ಟೋಬರ್‌ನಲ್ಲಿ ಅಮೆರಿಕದ ಕೇಂಬ್ರಿಡ್ಜ್ ನಗರದ ಪೊಲರಾಯ್ಡ್ ಕಂಪನಿಯ ಇಬ್ಬರು ಕಪ್ಪು ಉದ್ಯೋಗಿಗಳು ಕಚೇರಿಯ ಗೋಡೆಯ ಮೇಲೆ ಒಂದು ಗುರುತಿನ ಚೀಟಿಯ ಮಾದರಿಯನ್ನು ಕಂಡರು. ಒಬ್ಬರು ರಸಾಯನಶಾಸ್ತ್ರಜ್ಞೆ ಕ್ಯಾರೊಲಿನ್ ಹಂಟರ್, ಇನ್ನೊಬ್ಬರು ಛಾಯಾಗ್ರಾಹಕ ಕೆನ್ ವಿಲಿಯಮ್ಸ್. ಚೀಟಿಯ ಮೇಲೆ ದಕ್ಷಿಣ ಆಫ್ರಿಕಾದ ಗಣಿ ಇಲಾಖೆಯ ಹೆಸರಿತ್ತು. ಆದರೆ ಅದರಲ್ಲಿದ್ದ ಮುಖ ತಮಗೆ ಪರಿಚಯವಿದ್ದ, ತಮ್ಮದೇ ಕಂಪನಿಯ ಕಪ್ಪು ಸಹೋದ್ಯೋಗಿಯದು ಎಂದು ಹಂಟರ್ ಮುಂದೆ ನೆನೆದಿದ್ದಾರೆ.

ಆಫ್ರಿಕಾದ ಬಿಡುಗಡೆಗಾಗಿ ಅಮೆರಿಕದಲ್ಲಿ ನಡೆದ ಹೋರಾಟವನ್ನು ನಾವು ಸಾಮಾನ್ಯವಾಗಿ ದೊಡ್ಡ ಹೆಸರುಗಳ ಮೂಲಕ ಓದುತ್ತೇವೆ. ಗಾಯಕ ಪಾಲ್ ರೋಬ್ಸನ್ ಮುನ್ನಡೆಸಿದ ಆಫ್ರಿಕನ್ ವ್ಯವಹಾರಗಳ ಮಂಡಳಿ, 1953ರಲ್ಲಿ ಹುಟ್ಟಿದ ಅಮೆರಿಕನ್ ಕಮಿಟಿ ಆನ್ ಆಫ್ರಿಕಾ, ಅಧ್ಯಕ್ಷ ರೇಗನ್ ಅವರ ವಿಟೋವನ್ನೂ ಮೀರಿ 1986ರಲ್ಲಿ ಅಮೆರಿಕದ ಸಂಸತ್ತು ಮಾಡಿದ ನಿರ್ಬಂಧದ ಕಾನೂನು. ಈ ಇತಿಹಾಸಕ್ಕೆ ಇನ್ನೊಂದು ದಾರಿಯೂ ಇದೆ. ಪೊಲರಾಯ್ಡ್ ಪ್ರಕರಣವನ್ನು ನಾಲ್ಕು ಕಾಗದಗಳ ಕಥೆಯಾಗಿ ಓದಬಹುದು: ಒಂದು ಚೀಟಿ, ಒಂದು ಕರಪತ್ರ, ಒಂದು ಜಾಹೀರಾತು, ಒಂದು ರವಾನೆ ಚೀಟಿ. ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ಇಲ್ಲಿ ಕಲಿಯುವುದಿದೆ. ಈ ಹೋರಾಟ ಶುರುವಾದದ್ದೇ ಒಂದು ಓದಿನಿಂದ.

ಮೊದಲು ಚೀಟಿ. ದಕ್ಷಿಣ ಆಫ್ರಿಕಾದಲ್ಲಿ 16 ವರ್ಷ ದಾಟಿದ ಕಪ್ಪು ಜನ ಸದಾ ಪಾಸ್‌ಬುಕ್ ಇಟ್ಟುಕೊಂಡಿರಬೇಕೆಂದು ವಿಧಿಸಿದ್ದು 1952ರ ಕಾನೂನು. ಅದರ ಹೆಸರಿನಲ್ಲೇ ಪಾಸುಗಳ ‘ರದ್ದತಿ’ ಎಂಬ ಮಾತಿತ್ತು! ಹಳೆಯ ಬಿಡಿ ಪಾಸುಗಳನ್ನು ರದ್ದುಮಾಡಿ, ಎಲ್ಲವನ್ನೂ ಒಂದೇ ಪುಸ್ತಕಕ್ಕೆ ತುಂಬಿ, ಅದಕ್ಕೊಂದು ಫೋಟೊ ಅಂಟಿಸಿದರು. ಈ ಪಾಸುಗಳನ್ನು ವಿರೋಧಿಸಿ ಸೇರಿದ್ದವರ ಮೇಲೆ 1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ ಪೊಲೀಸರು ಗುಂಡು ಹಾರಿಸಿದರು. 69 ಜನ ಸತ್ತರು. ಅದೇ ತಿಂಗಳು ಆಲ್ಬರ್ಟ್ ಲುಥುಲಿ ತಮ್ಮ ಪಾಸನ್ನು ಬಹಿರಂಗವಾಗಿ ಸುಟ್ಟರು. 1908ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಗಾಂಧಿ ಮತ್ತು ಸಂಗಡಿಗರು ನೋಂದಣಿ ಪತ್ರಗಳನ್ನು ಸುಟ್ಟದ್ದು ಇಲ್ಲಿ ನೆನಪಾಗದೆ ಇರದು.

ಎರಡನೆಯದು ಹಂಟರ್ ಮತ್ತು ವಿಲಿಯಮ್ಸ್ ಹಂಚಿದ ಕರಪತ್ರ. ಪೊಲರಾಯ್ಡ್ ಕಪ್ಪು ಜನರನ್ನು 60 ಸೆಕೆಂಡುಗಳಲ್ಲಿ ಸೆರೆಮಾಡುತ್ತದೆ ಎಂಬುದು ಅದರ ತಲೆಬರಹ. ತೆಗೆದ ಫೋಟೊ ಒಂದೇ ನಿಮಿಷದಲ್ಲಿ ಕೈಗೆ ಬರುವುದು ಪೊಲರಾಯ್ಡ್‌ನ ಹೆಮ್ಮೆಯಾಗಿತ್ತು. ಆ ವೇಗವನ್ನು ಕರಪತ್ರ ಸುಳ್ಳೆನ್ನಲಿಲ್ಲ. ಅದನ್ನು ಹಾಗೆಯೇ ಒಪ್ಪಿಕೊಂಡು, ಕ್ಯಾಮೆರಾದ ಎದುರು ನಿಂತವನ ಕಡೆಯಿಂದ ಓದಿತು. ಹುಟ್ಟುಹಬ್ಬದ ಮನೆಯಲ್ಲಿ ಬೆರಗಾಗುವ ಅದೇ ನಿಮಿಷ ಪಾಸ್ ಕಚೇರಿಯಲ್ಲಿ ಬೇಡಿಯಾಗುತ್ತದೆ. ಕರುಣೆ ಬೇಡುವ ಒಂದು ಪದವೂ ಈ ತಲೆಬರಹದಲ್ಲಿಲ್ಲ. ದೂರದ ದೇಶದ ಸಂಕಟಕ್ಕೆ ಮರುಗಿರಿ ಎನ್ನುವ ಬದಲು, ನಾವು ದಿನವೂ ಮಾಡುವ ಕೆಲಸ ಅಲ್ಲಿ ಏನಾಗುತ್ತಿದೆ ನೋಡಿ ಎನ್ನುತ್ತದೆ. ಅವರ ಬೇಡಿಕೆಗಳಲ್ಲೂ ಇದೇ ಖಚಿತತೆಯಿತ್ತು. ಕಂಪನಿ ದಕ್ಷಿಣ ಆಫ್ರಿಕಾದಿಂದ ಹೊರಬರಬೇಕು, ವರ್ಣಭೇದವನ್ನು ಬಹಿರಂಗವಾಗಿ ಖಂಡಿಸಬೇಕು, ಅಲ್ಲಿ ಗಳಿಸಿದ ಲಾಭವನ್ನು ವಿಮೋಚನಾ ಚಳವಳಿಗಳಿಗೆ ಕೊಡಬೇಕು.

ಮೂರನೆಯ ಕಾಗದ ಕಂಪನಿಯ ಉತ್ತರ. 1971ರ ಜನವರಿಯಲ್ಲಿ ಪತ್ರಿಕೆಗಳಲ್ಲಿ ಪುಟ ತುಂಬ ಜಾಹೀರಾತು ಬಂತು. ದಕ್ಷಿಣ ಆಫ್ರಿಕಾದಲ್ಲಿ ತಾನೊಂದು ‘ಪ್ರಯೋಗ’ ನಡೆಸುತ್ತೇನೆ ಎಂದಿತು ಪೊಲರಾಯ್ಡ್. ಸರ್ಕಾರಕ್ಕೆ ಮಾರಾಟ ನಿಲ್ಲುತ್ತದೆ, ಅಲ್ಲಿನ ವಿತರಕರ ಬಳಿ ದುಡಿಯುವ ಕಪ್ಪು ನೌಕರರ ಸಂಬಳ ಏರುತ್ತದೆ, ಶಿಕ್ಷಣಕ್ಕೆ ನೆರವು ಸಿಗುತ್ತದೆ, ಆದರೆ ವ್ಯಾಪಾರ ಮುಂದುವರಿಯುತ್ತದೆ. ಪ್ರಯೋಗ ಎಂಬ ಪದದ ಜಾಣತನ ನೋಡಿ. ಅಪರಾಧಕ್ಕೆ ಉತ್ತರ ಕೊಡಬೇಕಾದ ಜಾಗದಲ್ಲಿ ಅದು ಕಾಲಾವಕಾಶ ಕೇಳುತ್ತದೆ. ಪ್ರಯೋಗ ಮಾಡುವವನು ತಪ್ಪಿತಸ್ಥನಲ್ಲ, ಕುತೂಹಲಿ. ಪ್ರಯೋಗಕ್ಕೆ ಒಳಗಾಗುವ ಜನರೋ, ಮತ್ತೆ ವಸ್ತುಗಳು. ಬಹಿಷ್ಕಾರಕ್ಕೆ ಕರೆಕೊಟ್ಟ ಹಂಟರ್ ಅದೇ ವರ್ಷ ಕೆಲಸ ಕಳೆದುಕೊಂಡರು.

ಕರಪತ್ರದ ಬಗ್ಗೆಯೂ ಒಂದು ತಕರಾರು ಎತ್ತಬೇಕು. ಆ ತಲೆಬರಹದ ವ್ಯಾಕರಣದಲ್ಲಿ ಕರ್ತೃ ಪೊಲರಾಯ್ಡ್, ಕರ್ಮ ಕಪ್ಪು ಜನ. ಕ್ರಿಯೆಯೆಲ್ಲ ಕಂಪನಿಯದು. ಪಾಸು ಸುಟ್ಟವರು ಆ ವಾಕ್ಯದಲ್ಲಿಲ್ಲ. ಈ ಕೊರತೆ ಕಾಣಬೇಕಾದರೆ ಅರ್ನೆಸ್ಟ್ ಕೋಲ್ ಅವರ ‘ಹೌಸ್ ಆಫ್ ಬಾಂಡೇಜ್’ ಪಕ್ಕದಲ್ಲಿರಬೇಕು. ಕೋಲ್ ಸ್ವತಃ ದಕ್ಷಿಣ ಆಫ್ರಿಕಾದ ಕಪ್ಪು ಛಾಯಾಗ್ರಾಹಕ. 1966ರಲ್ಲಿ ದೇಶ ಬಿಟ್ಟರು, ಮರುವರ್ಷ ನ್ಯೂಯಾರ್ಕ್‌ನಲ್ಲಿ ಪುಸ್ತಕ ತಂದರು, ತಾಯ್ನಾಡಿನಲ್ಲಿ ಅದು ನಿಷೇಧವಾಯಿತು. ಅದರ ಒಂದು ಚಿತ್ರದಲ್ಲಿ ಗಣಿಗೆ ಸೇರಲು ಬಂದವರು ವೈದ್ಯಕೀಯ ತಪಾಸಣೆಗಾಗಿ ಬೆತ್ತಲೆಯಾಗಿ, ಕೈ ಮೇಲೆತ್ತಿ, ಗೋಡೆಗೆ ಮುಖಮಾಡಿ ಸಾಲಾಗಿ ನಿಂತಿದ್ದಾರೆ. ನಮಗೆ ಕಾಣುವುದು ಬೆನ್ನುಗಳು. ಗಣಿ ಇಲಾಖೆಯ ಚೀಟಿ ಮೈಯನ್ನು ಅಳಿಸಿ ಮುಖವನ್ನಷ್ಟೇ ಕೇಳುತ್ತದೆ. ಕೋಲ್ ಮುಖ ತೋರಿಸದೆಯೇ ಆ ಚೀಟಿ ಬಚ್ಚಿಟ್ಟದ್ದನ್ನು ತೋರಿಸುತ್ತಾರೆ. ಹೊರಗಿನ ಬೆಂಬಲಿಗರ ಬರಹಕ್ಕೆ ಸಿಗದ ಒಳಗಿನ ಕಣ್ಣು ಇದು.

ನಾಲ್ಕನೆಯ ಕಾಗದ ಬಂದದ್ದೂ ಒಳಗಿನಿಂದಲೇ. 1977ರಲ್ಲಿ, ವಿತರಕ ಸಂಸ್ಥೆಯಲ್ಲಿ ಕೆಲಸ ಮಾಡಿದ್ದ ಭಾರತೀಯ ಮೂಲದ ಇಂದ್ರಸ್ ನಾಯ್ಡು ಒಂದು ರವಾನೆ ಚೀಟಿಯ ಪ್ರತಿಯನ್ನು ಹೊರತಂದರು. ಸರ್ಕಾರಕ್ಕೆ ಗುಟ್ಟಾಗಿ ಮಾರಾಟ ನಡೆದೇ ಇತ್ತು. ನವೆಂಬರ್‌ನಲ್ಲಿ ‘ಬಾಸ್ಟನ್ ಗ್ಲೋಬ್’ ಪತ್ರಿಕೆಯ ಮೂಲಕ ವಿಷಯ ಬಯಲಾಯಿತು, ಪೊಲರಾಯ್ಡ್ ಹೊರನಡೆಯಿತು. ಕರಪತ್ರದ ವಾಕ್ಯದಲ್ಲಿ ಕರ್ಮಸ್ಥಾನದಲ್ಲಿದ್ದವರ ನಡುವಿನಿಂದಲೇ ಒಬ್ಬ ಕರ್ತೃ ಎದ್ದು ಬಂದಂತಾಯಿತು. ಏಳು ವರ್ಷಗಳ ಹೋರಾಟ ಫಲಿಸಿದ್ದು ಕೇಂಬ್ರಿಡ್ಜ್‌ನ ಕರಪತ್ರವೂ ಜೋಹಾನ್ಸ್‌ಬರ್ಗ್‌ನ ಚೀಟಿಯೂ ಒಂದನ್ನೊಂದು ಸೇರಿದಾಗ.

ಕನ್ನಡದಲ್ಲಿ ನಾವು ಅರ್ಜಿಯ ಮೂಲೆಯ ಫೋಟೊಕ್ಕೂ ‘ಭಾವಚಿತ್ರ’ ಎನ್ನುತ್ತೇವೆ. ನಗಬಾರದು, ಓರೆ ನೋಡಬಾರದು, ಆದರೂ ಅದು ಭಾವಚಿತ್ರ. ಅರ್ಜಿಗಳನ್ನು ತುಂಬುತ್ತಲೇ ಇರುವ ನನ್ನಂಥ ಸಂಶೋಧನಾ ವಿದ್ಯಾರ್ಥಿಗೆ ಈ ಪದ ಎಂದೂ ವಿಚಿತ್ರವೆನಿಸಿರಲಿಲ್ಲ. ಹಂಟರ್ ಮತ್ತು ವಿಲಿಯಮ್ಸ್ ನೋಡಿದ ಚೀಟಿಯನ್ನು ಅದೇ ಕಚೇರಿಯಲ್ಲಿ ಇನ್ನೆಷ್ಟೋ ಜನ ನೋಡಿರಬೇಕು. ಅವರೆಲ್ಲರೂ ಒಂದು ಮಾದರಿಯನ್ನು ಕಂಡರು. ಇವರಿಬ್ಬರು ತಮಗೆ ಗೊತ್ತಿದ್ದ ಒಬ್ಬ ಮನುಷ್ಯನನ್ನು ಕಂಡರು, ನಿಂತು ಇನ್ನೊಮ್ಮೆ ಓದಿದರು.