ಪರದೆಯ ಮನೆಯ ಸಾಮಾನು

ರಾಮನಗರದಲ್ಲಿ ನೆಲಸಿರುವ ಮಿತ್ರರೊಬ್ಬರು ಕಳೆದ ಬೇಸಗೆಯಲ್ಲಿ ಒಂದು ಆರಾಮ ಕುರ್ಚಿಯನ್ನು ಕೊಂಡರು. ತೇಗದ ಚೌಕಟ್ಟು, ಬೆತ್ತದ ಹೆಣಿಗೆ, ಕಾಲು ಚಾಚಿಕೊಳ್ಳಲು ಮುಂದಕ್ಕೆ ತಿರುಗಿಸಬಹುದಾದ ಎರಡು ಉದ್ದನೆಯ ಕೈಗಳು. ನಮ್ಮ ಅಜ್ಜಂದಿರ ಕಾಲದಲ್ಲಿ ಸ್ವಲ್ಪ ಅನುಕೂಲವಿದ್ದ ಮನೆಯ ಹಜಾರದಲ್ಲೆಲ್ಲ ಕಾಣುತ್ತಿದ್ದ ಕುರ್ಚಿಯೇ ಅದು. ಬೆಲೆ ಮಾತ್ರ ಹೊಸ ಕುರ್ಚಿಯ ಮೂರರಷ್ಟು. ಏಕೆಂದರೆ, ಮಾರಿದಾತ ಹೇಳಿದನಂತೆ, ಅದು ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ಬಳಸಿದ್ದು. ಮಿತ್ರರು ಅದಕ್ಕೆ ಹೊಸ ವಾರ್ನಿಷ್ ಹೊಡೆಸಿ, ಹಜಾರದ ಮೂಲೆಯಲ್ಲಿಟ್ಟು, ಒಂದು ಕೈಯಿಂದ ಇನ್ನೊಂದು ಕೈಗೆ ಕೆಂಪು ದಾರ ಕಟ್ಟಿದ್ದರು.

“ಕೂತುಕೊಳ್ಳಲೆ?” ಎಂದೆ.

“ಬೇಡಿ, ಅದು ಸಂಗ್ರಹದ್ದು” ಎಂದರು.

ಅಂದು ನಾನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತು ಕಾಫಿ ಕುಡಿದು ಬಂದೆ. ಆದರೆ ಮಾತು ಅಲ್ಲಿಗೆ ಮುಗಿಯಲಿಲ್ಲ. ಮಿತ್ರರು ಕೊಂಡದ್ದು ಏನನ್ನು? ಮರವನ್ನೆ, ಬೆತ್ತವನ್ನೆ, ಶಂಕರ್ ನಾಗ್ ಅವರ ಕಲೆಯ ತುಣುಕನ್ನೆ, ಅಥವಾ ತಮ್ಮ ಬಾಲ್ಯದ ಒಂದು ಸಂಜೆಯನ್ನೆ? ಹಳೆಯ ಧಾರಾವಾಹಿಗಳ ಮನೆಸಾಮಾನನ್ನು ಹುಡುಕಿ ಕೂಡಿಡುವ ಈ ಹವ್ಯಾಸ ನಮ್ಮಲ್ಲಿಗೂ ಬಂದಿರುವುದರಿಂದ, ಅದರ ಗುಣದೋಷಗಳನ್ನು ಒಂದಿಷ್ಟು ವಿಚಾರಿಸುವುದು ಅನುಚಿತವಾಗಲಾರದು.

ಮೊದಲಿಗೆ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಮನೆಮಂದಿಯ ಹಾಸ್ಯವನ್ನು ಹೇಳುವ ಧಾರಾವಾಹಿಯಲ್ಲಿ ಸಾಮಾನೆಂಬುದು ಬರಿಯ ಅಲಂಕಾರವಲ್ಲ. ವಾರವಾರವೂ ಅದೇ ಹಜಾರ, ಅದೇ ಬಾಗಿಲು, ಅದೇ ಕುರ್ಚಿ. ಕಥೆ ಬದಲಾಗುತ್ತದೆ, ಮನೆ ಬದಲಾಗುವುದಿಲ್ಲ. ನೋಡುವವರಿಗೆ ಆ ಮನೆಯ ಮೂಲೆಮೂಲೆಯೂ ಪರಿಚಿತವಾಗಿ, ಯಾರು ಎಲ್ಲಿ ಕುಳಿತರೆ ಜಗಳವಾದೀತೆಂಬುದು ಮೊದಲೇ ತಿಳಿದಿರುತ್ತದೆ. ಆ ತಿಳಿವಳಿಕೆಯೇ ನಗೆಯ ಅರ್ಧಭಾಗ.

ಅಮೆರಿಕದಲ್ಲಿ 1971ರಿಂದ 1979ರವರೆಗೆ ನಡೆದ ‘ಆಲ್ ಇನ್ ದಿ ಫ್ಯಾಮಿಲಿ’ ಎಂಬ ಹಾಸ್ಯ ಧಾರಾವಾಹಿಯಲ್ಲಿ ಆರ್ಚಿ ಬಂಕರ್ ಎಂಬ ಮುಂಗೋಪಿ ಗೃಹಸ್ಥನಿಗೆ ಒಂದು ಕುರ್ಚಿಯಿತ್ತು. ಅದರಲ್ಲಿ ಅಳಿಯ ಕುಳಿತನೋ, ಮನೆಯಲ್ಲಿ ಮಹಾಯುದ್ಧ. ಆ ಕುರ್ಚಿಯನ್ನು ತಯಾರಕರು ಹಳೆಯ ಸಾಮಾನಿನ ಅಂಗಡಿಯಿಂದ ಅಗ್ಗವಾಗಿ ತಂದಿದ್ದರು. 1978ರಲ್ಲಿ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಗ್ರಹಾಲಯ ಅದನ್ನು ಕೇಳಿ ಪಡೆದುಕೊಂಡಿತು. ಆದರೆ ಧಾರಾವಾಹಿ ಇನ್ನೂ ಮುಗಿದಿರಲಿಲ್ಲ! ಹೀಗಾಗಿ ತದ್ರೂಪಾದ ಇನ್ನೊಂದು ಕುರ್ಚಿಯನ್ನು ಮಾಡಿಸಬೇಕಾಯಿತು. ಅಸಲಿಗಿಂತ ನಕಲಿಗೆ ಎಷ್ಟೋ ಪಾಲು ಹೆಚ್ಚು ಹಣ ಬಿತ್ತು. ‘ಚಿಯರ್ಸ್’ ಎಂಬ ಇನ್ನೊಂದು ಧಾರಾವಾಹಿಯ ಮದ್ಯದಂಗಡಿಯ ಕಟ್ಟೆ 2023ರ ಹರಾಜಿನಲ್ಲಿ ಆರು ಲಕ್ಷದ ಎಪ್ಪತ್ತೈದು ಸಾವಿರ ಡಾಲರಿಗೆ ಹೋಯಿತು.

ಆರ್ಚಿಯ ಕುರ್ಚಿಯ ಕಥೆ ನಮಗೆ ಹೊಸದೇನಲ್ಲ. ನಮ್ಮ ಹಜಾರದ ಆರಾಮ ಕುರ್ಚಿಯಲ್ಲಿ ತಾತನಿರುವಾಗ ಯಾರು ಕುಳಿತಿದ್ದರು? ತಾತ ಹೊರಗೆ ಹೋದಾಗ ಹುಡುಗರು ಏರಿ ಕುಳಿತು, ಗೇಟಿನ ಸದ್ದಾದೊಡನೆ ಇಳಿದು ಓಡುತ್ತಿದ್ದುದು ಯಾವ ಮನೆಯಲ್ಲಿರಲಿಲ್ಲ? ಮನೆಯ ಅಧಿಕಾರ ಎಲ್ಲಿದೆಯೆಂಬುದನ್ನು ಕುರ್ಚಿ ಬಾಯಿಬಿಡದೆ ಹೇಳುತ್ತಿತ್ತು. ಕುರ್ಚಿಗೂ ಮನುಷ್ಯರಿಗೂ ಇದ್ದ ಆ ಸಂಬಂಧವನ್ನು ಹರಾಜಿನಲ್ಲಿ ಕೊಳ್ಳಲು ಬರುವುದಿಲ್ಲ. ಸಂಗ್ರಹದ ಬೆಲೆಯನ್ನು ಅಳೆಯುವಾಗ ನಾವು ಹಿಡಿಯಬೇಕಾದ ಕೋಲು ಇದೇ ಎಂದು ನನ್ನ ಮತ.

ಈ ಕೋಲನ್ನು ಹಿಡಿದು ‘ಮಾಲ್ಗುಡಿ ಡೇಸ್’ ಕಡೆಗೆ ಬರೋಣ. ಆರ್. ಕೆ. ನಾರಾಯಣರ ಕಥೆಗಳನ್ನು ಶಂಕರ್ ನಾಗ್ ದೂರದರ್ಶನಕ್ಕೆ ತಂದದ್ದು 1986ರಲ್ಲಿ. ಅದನ್ನು ಕಟ್ಟುನಿಟ್ಟಾಗಿ ಹಾಸ್ಯ ಧಾರಾವಾಹಿಯೆನ್ನುವಂತಿಲ್ಲ; ಆದರೆ ಸ್ವಾಮಿಯ ಚೇಷ್ಟೆಯನ್ನೂ ಮಾಲ್ಗುಡಿಯ ಮಂದಿಯ ಸಣ್ಣ ಸಣ್ಣ ಪೇಚಾಟಗಳನ್ನೂ ಕಂಡು ಒಂದು ತಲೆಮಾರು ಒಟ್ಟಿಗೆ ಕುಳಿತು ನಕ್ಕಿತು. ಮಾಲ್ಗುಡಿಯೆಂಬ ಊರು ಭೂಪಟದಲ್ಲಿಲ್ಲ. ಅದನ್ನು ಆಗುಂಬೆಯಲ್ಲಿ ಕಾಣಿಸಿದವರಲ್ಲಿ ಕಲಾನಿರ್ದೇಶಕ ಜಾನ್ ದೇವರಾಜ್ ಮುಖ್ಯರು. ಅಲ್ಲಿನ ದೊಡ್ಡಮನೆ ಸ್ಟುಡಿಯೋದಲ್ಲಿ ಹಲಗೆ ಬಡಿದು ನಿಲ್ಲಿಸಿದ ಮನೆಯಲ್ಲ, ಜನ ಬಾಳುತ್ತಿದ್ದ ಮನೆ. ಕಂಬ, ತೊಟ್ಟಿ, ಜಗಲಿ ಎಲ್ಲವೂ ಕ್ಯಾಮರಾ ಬರುವ ಮೊದಲೂ ಇದ್ದುವು, ಹೋದ ಮೇಲೂ ಉಳಿದುವು. ಧಾರಾವಾಹಿಯ ಯಶಸ್ಸಿನ ಗುಟ್ಟು ಬಹುಮಟ್ಟಿಗೆ ಇಲ್ಲಿದೆ. ಅಲ್ಲಿನ ಸಾಮಾನುಗಳು ‘ನನ್ನನ್ನು ನೋಡಿ’ ಎಂದು ಮುಂದೆ ಬರುವುದಿಲ್ಲ. ಬಳಸಿದ ಮನೆಯಲ್ಲಿ ಸಾಮಾನು ಹೇಗೆ ಸುಮ್ಮನಿರುತ್ತದೆಯೋ ಹಾಗೆ ಸುಮ್ಮನಿರುತ್ತವೆ.

ಮಾಲ್ಗುಡಿಯ ರೈಲು ನಿಲ್ದಾಣವಾಗಿದ್ದುದು ಶಿವಮೊಗ್ಗ ಜಿಲ್ಲೆಯ ಅರಸಾಳು. ಅಲ್ಲಿನ ಹಳೆಯ ನಿಲ್ದಾಣದ ಕಟ್ಟಡವನ್ನು 2020ರಲ್ಲಿ ರೈಲ್ವೆಯವರು ಮಾಲ್ಗುಡಿ ಸಂಗ್ರಹಾಲಯವನ್ನಾಗಿ ಮಾಡಿದರು. ಆ ಕೆಲಸದಲ್ಲೂ ಜಾನ್ ದೇವರಾಜ್ ಅವರದೇ ಕೈಯಿತ್ತು. ಇಂಥ ಸಂಗ್ರಹಾಲಯದಲ್ಲಿ ಪ್ರತಿಕೃತಿಗಳ ಪಾಲು ಹೆಚ್ಚಾಯಿತೆಂದು ಯಾರಾದರೂ ಆಕ್ಷೇಪಿಸಬಹುದು. ನನಗೆ ಆ ಆಕ್ಷೇಪ ದೊಡ್ಡದಾಗಿ ಕಾಣುವುದಿಲ್ಲ. ಕಟ್ಟಡ ಅದೇ, ಹಳಿ ಹಾದ ಊರು ಅದೇ, ಮಾಡಿದ ಕೈಯೂ ಅದೇ. ವಸ್ತು ನಕಲಾದರೂ ಅದರ ಸಂಬಂಧ ಅಸಲು. ನನ್ನ ಮಿತ್ರರ ಕುರ್ಚಿಯಲ್ಲಿ ಇದು ತಿರುವುಮುರುವು: ವಸ್ತು ಅಸಲಾಗಿಯೇ ಹಳೆಯದು, ಸಂಬಂಧ ಮಾತ್ರ ಅಂಗಡಿಯವನ ಬಾಯಿಮಾತು.

ರಾಮನಗರದ ಸೀಮೆಯವರಿಗೆ ಈ ಪಾಠ ಬೇರೆಲ್ಲರಿಗಿಂತ ಚೆನ್ನಾಗಿ ತಿಳಿದಿರಬೇಕಿತ್ತು. 1973ರ ಅಕ್ಟೋಬರಿನಲ್ಲಿ ರಮೇಶ್ ಸಿಪ್ಪಿಯವರ ತಂಡ ಇಲ್ಲಿನ ಬಂಡೆಗಳ ಬುಡದಲ್ಲಿ ‘ಶೋಲೆ’ಗೆ ಚಿತ್ರೀಕರಣ ತೊಡಗಿತು. ಕಲಾನಿರ್ದೇಶಕ ರಾಮ್ ಯೇಡೇಕರ್ ರಾಮಗಢವೆಂಬ ಇಡಿಯ ಹಳ್ಳಿಯನ್ನೇ ಕಟ್ಟಿ ನಿಲ್ಲಿಸಿದರು. 1975ರ ಆಗಸ್ಟ್ 15ರಂದು ಚಿತ್ರ ತೆರೆಕಂಡಿತು, ಹಳ್ಳಿ ಅಳಿಯಿತು. ಠಾಕೂರನ ಮನೆಯಿಲ್ಲ, ಮನೆಯ ಮುಂದಿನ ದೀಪಗಳಿಲ್ಲ. ಕ್ಲೋಸ್‌ಪೇಟೆಯೆಂಬ ಹೆಸರು ಹೋಗಿ ಊರು ರಾಮನಗರವಾಯಿತು, 2007ರಲ್ಲಿ ಜಿಲ್ಲೆಯಾಯಿತು, 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂಬ ಹೆಸರು ಬಂದಿತು. ಆದರೂ ರಾಮದೇವರ ಬೆಟ್ಟಕ್ಕೆ ಬಂದವರು ರಾಮಗಢ ಎಲ್ಲಿ ಎಂದು ಕೇಳುವುದು ನಿಂತಿಲ್ಲ. ಮಾಗಡಿಯ ಸಾವನದುರ್ಗದ್ದೂ ಇಂಥದೇ ಕಥೆ. ಫಾರ್ಸ್ಟರನ ಕಾದಂಬರಿಯ ಮರಾಬಾರ್ ಗುಹೆಗಳಿಗೆ ಮೂಲ ಬಿಹಾರದ ಬರಾಬರ್ ಬೆಟ್ಟ. ಡೇವಿಡ್ ಲೀನ್ ತಮ್ಮ 1984ರ ‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರಕ್ಕೆ ಅವನ್ನು ಕಂಡದ್ದು ನಮ್ಮ ಬಂಡೆಗಳಲ್ಲಿ.

‘ಶೋಲೆ’ಯ ಒಂದೆರಡು ಸಾಮಾನುಗಳನ್ನು ನೆನೆಯಿರಿ. ವಿಧವೆ ರಾಧಾ ಸಂಜೆ ಒಂದೊಂದಾಗಿ ಆರಿಸುವ ದೀಪ. ದೂರದಲ್ಲಿ ಕುಳಿತ ಜೈ ನುಡಿಸುವ ಮೌತ್ ಆರ್ಗನ್. ಎರಡು ಕಡೆಯೂ ಒಂದೇ ಮುದ್ರೆಯಿದ್ದ ಆ ನಾಣ್ಯ. ಇವು ಯಾರ ಬಳಿಯಾದರೂ ಇದ್ದರೆ ಏನು ಬೆಲೆ ಬಂದೀತೋ ಊಹಿಸಲಾರೆ. ಆದರೆ ದೀಪ ನಮ್ಮ ಮನಸ್ಸನ್ನು ತಟ್ಟುವುದು ಅದನ್ನು ಆರಿಸುವ ಕೈಯಿಂದ, ನೋಡುವ ಕಣ್ಣಿನಿಂದ, ಇಬ್ಬರ ನಡುವೆ ದಾಟಲಾಗದ ಅಂಗಳದಿಂದ. ನಾಣ್ಯದ ಗುಟ್ಟು ತಿಳಿಯುವುದು ಗೆಳೆಯ ಸತ್ತ ಮೇಲೆ. ಆ ಸನ್ನಿವೇಶವನ್ನು ಕಳಚಿದರೆ ಉಳಿಯುವುದು ಒಂದು ಲಾಂದ್ರ, ಒಂದು ಖೋಟಾ ನಾಣ್ಯ.

ಹಾಗಾದರೆ ಸಾಮಾನನ್ನು ಕೂಡಿಡುವುದೇ ವ್ಯರ್ಥವೆ? ಅಲ್ಲ. ಮಿತ್ರರ ಮನೆಯಿಂದ ಹೆಚ್ಚು ದೂರವೇನಿಲ್ಲ, ಬೆಂಗಳೂರು ಮೈಸೂರು ಹೆದ್ದಾರಿಯ ಪಕ್ಕದಲ್ಲೇ ಜಾನಪದ ಲೋಕವಿದೆ. ಆಡಳಿತ ಸೇವೆಯಲ್ಲಿದ್ದ ಎಚ್. ಎಲ್. ನಾಗೇಗೌಡರು ಹಳ್ಳಿಹಳ್ಳಿ ತಿರುಗಿ ಹಾಡು, ಕಥೆ, ಸಾಮಾನುಗಳನ್ನು ಒಟ್ಟುಗೂಡಿಸಿ, ಹದಿನೈದು ಎಕರೆ ನೆಲದಲ್ಲಿ ನಿಲ್ಲಿಸಿದ ಸಂಸ್ಥೆ, ಉದ್ಘಾಟನೆಯಾದದ್ದು 1994ರಲ್ಲಿ. ಅಲ್ಲಿನ ಲೋಕಮಾತಾ ಮಂದಿರದಲ್ಲಿ ಅಡುಗೆಮನೆಯ, ಮನೆವಾರ್ತೆಯ ಪರಿಕರಗಳಿವೆ. ಇವು ಯಾವ ಪರದೆಯ ಮೇಲೂ ಮೆರೆದು ಬಂದವಲ್ಲ. ಇವುಗಳ ಕೀರ್ತಿಯೆಲ್ಲ ಸವೆತದಲ್ಲಿದೆ. ಬೀಸುವ ಕಲ್ಲಿನ ಗೂಟ ಕೈತಾಗಿ ನುಣುಪಾಗಿರುವುದನ್ನು ಕಂಡಾಗ, ಬೆಳಗಿನ ಜಾವ ಎದ್ದು ಬೀಸಿದ ಹೆಂಗಸರ ಲೆಕ್ಕ ಎಷ್ಟಿದ್ದೀತು ಎಂದು ಮನಸ್ಸು ತಾನಾಗಿ ಕೇಳುತ್ತದೆ. ಇಲ್ಲಿಯೂ ನನ್ನದೊಂದು ಸಣ್ಣ ದೂರುಂಟು. ಇಂಥ ಸಂಗ್ರಹಗಳಲ್ಲಿ ನಾವು ವಸ್ತುವಿನ ಹೆಸರನ್ನು ಬರೆಯುತ್ತೇವೆ, ಬಳಸಿದವರ ಹೆಸರನ್ನು ಬರೆಯುವುದು ಕಡಮೆ.

ದೂರುವ ಹಕ್ಕು ನನಗಿದೆಯೆ ಎಂದು ಕೇಳಿದರೆ, ಇಲ್ಲವೆಂದೇ ಒಪ್ಪಬೇಕು. ಕನಕಪುರದ ಕಡೆಯ ನಮ್ಮ ಹಳೆಯ ಮನೆಯಲ್ಲಿ ಅರಗಿನ ಬಣ್ಣದ ಕಂಬಗಳಿದ್ದ ಒಂದು ತೊಟ್ಟಿಲಿತ್ತು. ನಮ್ಮ ತಂದೆ, ಅವರ ತಂಗಿಯರು, ನಾನು, ನನ್ನ ತಮ್ಮ ಎಲ್ಲರೂ ಅದರಲ್ಲಿ ಮಲಗಿದವರೇ. ಮನೆ ಮಾರಿದ ವರ್ಷ ಅದನ್ನೂ, ಗೋಡೆಗೆ ಒರಗಿದ್ದ ಐದಾರು ಬಿದಿರಿನ ಚಂದ್ರಿಕೆಗಳನ್ನೂ ಸಾಮಾನು ಕೊಳ್ಳುವವನೊಬ್ಬ ಒಂದೇ ಗಾಡಿಯಲ್ಲಿ ಹೇರಿಕೊಂಡು ಹೋದ. ಯಾರಿಗೆ ಕೊಡುತ್ತೀಯಪ್ಪ ಎಂದರೆ, “ಸಿನಿಮಾದವರಿಗೆ, ಸೀರಿಯಲ್ಲಿನವರಿಗೆ ಬಾಡಿಗೆಗೆ ಹೋಗ್ತದೆ, ಸ್ವಾಮಿ” ಎಂದ. ನಮಗೆ ಆಗ ಹೆಮ್ಮೆಯೇ ಆಯಿತು! ಯಾವ ಊರಿನ ತೊಟ್ಟಿಲು, ಯಾರು ಮಾಡಿದ್ದು, ಯಾರು ಮಲಗಿದ್ದರು ಎಂದು ಅವನೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ರೇಷ್ಮೆಹುಳು ಹಣ್ಣಾದಾಗ ಗೂಡು ಕಟ್ಟಲು ಬಿಡುತ್ತಿದ್ದ ಚಂದ್ರಿಕೆಯನ್ನು ಈಚೆಗೆ ಹೆದ್ದಾರಿಯ ಹೋಟೆಲೊಂದರ ಗೋಡೆಯ ಮೇಲೆ ಕಂಡೆ. ನಡುವೆ ದೀಪ ಸಿಕ್ಕಿಸಿದ್ದರು. ನೋಡಲು ಚೆನ್ನಾಗಿಯೇ ಇತ್ತು. ಪಕ್ಕದ ಮೇಜಿನ ಮಗು ಅದೇನೆಂದು ಕೇಳಿದಾಗ ತಾಯಿ, “ಡಿಸೈನ್ ಕಣೋ” ಎಂದರು.

ಇದು ಆ ತಾಯಿಯ ತಪ್ಪಲ್ಲ. ಬಳಕೆ ತಪ್ಪಿದ ಸಾಮಾನು ಗುರುತು ತಪ್ಪಿದರೆ ‘ಡಿಸೈನ್’ ಆಗುತ್ತದೆ. ಪರದೆಯ ಸಾಮಾನನ್ನು ಮೂರು ಪಾಲು ಬೆಲೆಗೆ ಕೊಳ್ಳುವ ನಾವು ನಮ್ಮ ಮನೆಯದನ್ನು ತೂಕಕ್ಕೆ ಹಾಕುತ್ತೇವೆ. ನಾಳೆ ಅದೇ ಸಾಮಾನು ಪರದೆಯನ್ನೇರಿ ಬಂದರೆ ದುಡ್ಡು ತೆತ್ತು ಮನೆಗೆ ತರುತ್ತೇವೆ. ನಮ್ಮ ಬಾಳು ನಮಗೆ ಬೆಲೆಯುಳ್ಳದ್ದಾಗಿ ಕಾಣಲು ಅದು ಮೊದಲು ಕ್ಯಾಮರಾದ ಮುಂದೆ ಹಾಯ್ದು ಬರಬೇಕೆ? ಈ ಹವ್ಯಾಸದಲ್ಲಿ ನನ್ನನ್ನು ಕಾಡುವ ಪ್ರಶ್ನೆ ಇದೊಂದೇ.

ಚನ್ನಪಟ್ಟಣದ ಬೊಂಬೆಗಳ ಮಾತನ್ನು ಹೇಳದೆ ಇದನ್ನು ಮುಗಿಸಲಾಗದು. ಎಂಬತ್ತರ ದಶಕದ ನಮ್ಮ ಮಧ್ಯಮವರ್ಗದ ಹಜಾರವನ್ನು ಯಾರಾದರೂ ಇಂದು ಧಾರಾವಾಹಿಗಾಗಿ ಮತ್ತೆ ಕಟ್ಟುವುದಾದರೆ, ಕಸೂತಿ ಬಟ್ಟೆ ಹೊದಿಸಿದ ಟೆಲಿವಿಷನ್ ಪೆಟ್ಟಿಗೆಯನ್ನೂ, ಅದರ ಪಕ್ಕದ ಗಾಜಿನ ಬೀರುವಿನಲ್ಲಿ ಚನ್ನಪಟ್ಟಣದ ಗಂಡು ಹೆಣ್ಣು ಬೊಂಬೆಗಳನ್ನೂ ಇಡಲೇಬೇಕು. ಅದಕ್ಕೆ ಹಳೆಯದನ್ನು ಹುಡುಕಿ ಅಲೆಯಬೇಕಾಗಿಲ್ಲ. ಹಾಲೆ ಮರದ ತುಂಡು ಇಂದಿಗೂ ಚರಕಿಯಲ್ಲಿ ತಿರುಗುತ್ತಿದೆ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಮರವನ್ನು ಹಿಡಿಯುತ್ತದೆ. ಮೇಲೆ ಗರಿಯಿಂದ ತೀಡಿದರೆ ಹೊಳಪು. 2005-06ರ ಸಾಲಿನಲ್ಲಿ ಈ ಕೆಲಸಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. ಆದರೆ ಬೊಂಬೆಯನ್ನು ಉಳಿಸುವುದು ಮಾನ್ಯತೆಯ ಕಾಗದವಲ್ಲ, ಕೊಂಡು ಮಗುವಿನ ಕೈಗೆ ಕೊಡುವ ಮನೆ. ಬೀರುವಿನೊಳಗೆ ಇಟ್ಟು ಬೀಗ ಹಾಕಿದ ನಾವು ಬೊಂಬೆಯನ್ನು ಅಂದೇ ಸಂಗ್ರಹದ ವಸ್ತುವಾಗಿಸಿದೆವೋ ಏನೊ.

ಸಂಗ್ರಾಹಕರಿಗೆ ನನ್ನ ಅರಿಕೆ ಇಷ್ಟೆ. ಸಾಮಾನನ್ನು ಕೊಳ್ಳಿ, ಸಂತೋಷ. ಆದರೆ ಮೂರು ಸಂಗತಿಗಳನ್ನು ಬರೆದಿಡಿ: ಮಾಡಿದವರಾರು, ಬಳಸಿದವರಾರು, ಎಲ್ಲಿ ಇತ್ತು. ತಿಳಿಯದಿದ್ದರೆ ತಿಳಿಯದೆಂದೇ ಬರೆಯಿರಿ. ಕಲೆಗಳನ್ನು ಉಜ್ಜಿ ತೆಗೆಯಬೇಡಿ. ವಾರ್ನಿಷ್ಷಿನ ಕೆಳಗೆ ಹೋದದ್ದು ಮತ್ತೆ ಬಾರದು.

ಇದನ್ನೆಲ್ಲ ಮಿತ್ರರಿಗೆ ಹೇಳಿದೆ. ಅವರು ಕೋಪಿಸಿಕೊಳ್ಳಲಿಲ್ಲ. ಮುಂದಿನ ಸಲ ಹೋದಾಗ ಕೆಂಪು ದಾರವಿರಲಿಲ್ಲ. ಕುರ್ಚಿಯ ಅಡಿಯ ಹಲಗೆಗೆ ಒಂದು ಚೀಟಿ ಅಂಟಿಸಿದ್ದರು. ಮಾಲ್ಗುಡಿಯದೆಂದು ಮಾರಿದವರ ಹೇಳಿಕೆ, ಆಧಾರವಿಲ್ಲ. ನಮ್ಮ ತಂದೆಯವರ ಬಳಿ ಇಂಥದೇ ಕುರ್ಚಿಯಿತ್ತು, ಮಾಗಡಿಯ ಮನೆಯಲ್ಲಿ ಪಡಸಾಲೆಯ ಎಡಗಡೆ ಇರುತ್ತಿತ್ತು, ಅದನ್ನು ಮಾರಿದ್ದಕ್ಕಾಗಿ ಇದನ್ನು ಕೊಂಡೆ ಎಂದು ಅದರಲ್ಲಿ ಬರೆದಿತ್ತು.

“ಈಗ ಕೂತುಕೊಳ್ಳಿ” ಎಂದರು. ಕುಳಿತೆ. ಬೆತ್ತ ಸ್ವಲ್ಪ ಸಡಿಲವಾಗಿದೆ, ಹೆಣೆಯುವವರನ್ನು ಹುಡುಕಬೇಕು.