ಅಕ್ಕನ ಒಡವೆ, ತಮ್ಮನ ಪುಸ್ತಕ

ನಮ್ಮ ಕೇರಿಗಳಿಂದ ಬಂದ ಕವಿತೆ, ಆತ್ಮಕಥೆಗಳನ್ನು ಓದುವಾಗ ನನ್ನನ್ನು ಒಂದು ಪ್ರಶ್ನೆ ಕಾಡುತ್ತದೆ. ಓದಿದವನ ಹಸಿವು ಅಲ್ಲಿದೆ, ಅವಮಾನ ಇದೆ, ಅವ್ವನ ಕಣ್ಣೀರಿದೆ. ಆದರೆ ಅವನು ಓದಲೆಂದು ಶಾಲೆ ಬಿಟ್ಟ ಒಡಹುಟ್ಟಿದವರು ಎಲ್ಲಿ ಹೋದರು? ಬಹಳ ಕಡೆ ಒಂದೆರಡು ಸಾಲಿನಲ್ಲಿ ಬಂದು ಮಾಯವಾಗ್ತಾರೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಮೂವರಲ್ಲಿ ಒಬ್ಬ ಕಾಲೇಜಿಗೆ, ಒಬ್ಬ ಗಾರೆ ಕೆಲಸಕ್ಕೆ, ಒಬ್ಬಳು ಗಾರ್ಮೆಂಟ್ಸ್‌ಗೆ ಹೋದರೆ, ಕಥೆ ಬರೆಯುವವನು ಕಾಲೇಜಿಗೆ ಹೋದವನೇ. ಲೇಖನಿ ಅವನ ಕೈಯಲ್ಲಿದೆಯಲ್ಲ!

ಬಾಬಾಸಾಹೇಬರ ಮನೆಯನ್ನೇ ನೋಡೋಣ. ಧನಂಜಯ ಕೀರರು 1954ರಲ್ಲಿ ಪ್ರಕಟಿಸಿದ ಜೀವನಚರಿತ್ರೆಯಲ್ಲಿ ಈ ಸಂಗತಿ ಬರುತ್ತದೆ. ಮಗ ಪುಸ್ತಕ ಬೇಕೆಂದಾಗ ರಾಮ್‌ಜಿ ಸಕ್ಪಾಲರು ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹತ್ತಿರ ಹೋಗಿ ದುಡ್ಡು ಕೇಳುತ್ತಿದ್ದರು. ದುಡ್ಡಿಲ್ಲದಿದ್ದರೆ ಒಡವೆ ತಂದು ಅಡವಿಟ್ಟು, ಪೆನ್ಷನ್ ಬಂದಾಗ ಬಿಡಿಸಿ ಕೊಡುತ್ತಿದ್ದರು. ಅಣ್ಣ ಆನಂದರಾವ್ ಓದು ಬಿಟ್ಟು ಕೆಲಸಕ್ಕೆ ಸೇರಿದರು. ತಮ್ಮ ಭೀಮರಾವ್ 1907ರಲ್ಲಿ ಮೆಟ್ರಿಕ್ ಪಾಸಾದರು. ಆ ಮೆಟ್ರಿಕ್ಕನ್ನು ನಾವು ಪ್ರತಿ ಏಪ್ರಿಲ್ 14ಕ್ಕೆ ಭಾಷಣದಲ್ಲಿ ಹೇಳ್ತೀವಿ. ಅಕ್ಕಂದಿರ ಒಡವೆಯ ಮಾತು ಎಷ್ಟು ಭಾಷಣದಲ್ಲಿ ಬಂದಿದೆ?

ಓಂಪ್ರಕಾಶ ವಾಲ್ಮೀಕಿಯವರ 'ಜೂಠನ್' (1997) ಇಲ್ಲಿ ಪ್ರಾಮಾಣಿಕ ಕೃತಿ. ಆರನೇ ತರಗತಿಗೆ ಸೇರಿಸಲು ಮನೆಯಲ್ಲಿ ಕಾಸಿಲ್ಲ. ಗಂಡನನ್ನು ಕಳೆದುಕೊಂಡ ಅತ್ತಿಗೆ ತನ್ನ ಬೆಳ್ಳಿಯ ಕಾಲ್ಗೆಜ್ಜೆ ತಂದು ಅತ್ತೆಯ ಕೈಗೆ ಕೊಡುತ್ತಾಳೆ. ವಾಲ್ಮೀಕಿ ಅದನ್ನು ಮುಚ್ಚಿಡಲಿಲ್ಲ. ಊರ್ಮಿಳಾ ಪವಾರ್ 2003ರಲ್ಲಿ ಇನ್ನೂ ಮುಂದೆ ಹೋದರು. ಅವ್ವ ಬಿದಿರು ಹೆಣೆದು ಮಕ್ಕಳನ್ನು ಓದಿಸಿದಳು. ಆ ಹೆಣಿಗೆಯ ಹೆಸರೇ, 'ಆಯದಾನ್', ಪುಸ್ತಕದ ಹೆಸರಾಯಿತು. ಅವ್ವನ ದುಡಿಮೆಗೆ ಹೆಸರು ಸಿಕ್ಕಿತು. ಅಕ್ಕ ತಂಗಿಯರ ದುಡಿಮೆಗೆ?

ಕಾನೂನು ಈ ಲೆಕ್ಕವನ್ನು ಎಂದೋ ಕೈಬಿಟ್ಟಿದೆ. ಮನೆತನದ ಹಣದಲ್ಲಿ ವಿಶೇಷ ವಿದ್ಯೆ ಕಲಿತವನ ಸಂಪಾದನೆ ಅವಿಭಕ್ತ ಕುಟುಂಬಕ್ಕೂ ಸೇರುತ್ತದೆ ಎಂದು ಐಸಿಎಸ್ ಅಧಿಕಾರಿಯೊಬ್ಬನ ಮೊಕದ್ದಮೆಯಲ್ಲಿ 1921ರಲ್ಲಿ ಪ್ರಿವಿ ಕೌನ್ಸಿಲ್ ಹೇಳಿತ್ತು. 1930ರ ಹಿಂದೂ ಗೇನ್ಸ್ ಆಫ್ ಲರ್ನಿಂಗ್ ಆಕ್ಟ್ ಇದನ್ನು ತಿರುಗಿಸಿತು. ಓದಿಸಿದ ಹಣ ಯಾರದ್ದೇ ಇರಲಿ, ವಿದ್ಯೆಯ ಗಳಿಕೆ ಓದಿದವನದ್ದೇ ಎಂದಿತು. ಇರಲಿ. ಆದರೆ ಮನೆ ಪಾಲಾಗುವ ದಿನ ನೋಡಿ: ಅಕ್ಕನ ಮದುವೆ ಖರ್ಚನ್ನು ಎಲ್ಲರೂ ಎಣಿಸ್ತಾರೆ, ತಮ್ಮನ ಕಾಲೇಜು ಫೀಸನ್ನು ಯಾರೂ ಎಣಿಸೋದಿಲ್ಲ. ಹೆಣ್ಣುಮಕ್ಕಳಿಗೂ ಸಮಪಾಲು ಅಂತ ಕರ್ನಾಟಕ 1994ರಲ್ಲೇ ಕಾನೂನು ಮಾಡಿದರೂ ಅವಳ ಮುಂದೆ ಹಕ್ಕು ಖುಲಾಸೆ ಪತ್ರ ಇಟ್ಟು ಸಹಿ ಹಾಕು ಅಂತಾರೆ.

ನಾನೂ ಇದರಿಂದ ಹೊರಗಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಅಕ್ಕನ ಅಂಕ ನನಗಿಂತ ಜಾಸ್ತಿ. ಇಬ್ಬರನ್ನು ಓದಿಸೋಕಾಗಲ್ಲ ಅಂದ ಅಪ್ಪ. ಅಕ್ಕ ಹೊಲಿಗೆ ಕಾರ್ಖಾನೆ ಸೇರಿದಳು; ನನ್ನ ಡಿಗ್ರಿಯ ಕೊನೆ ವರ್ಷದ ಫೀಸು ಅವಳ ಪಿಎಫ್ ದುಡ್ಡು. ನಾನು ಅವ್ವನ ಮೇಲೆ ಕವಿತೆ ಬರೆದೆ, ಜನ ಚಪ್ಪಾಳೆ ತಟ್ಟಿದರು. ಮನೆಯಲ್ಲಿ ಓದಿ ಹೇಳಿದಾಗ ಅಕ್ಕ ಅಂದಳು: 'ಚೆನ್ನಾಗದೆ ಕಣೋ. ನಾನೆಲ್ಲಿದೀನಿ ಇದ್ರಾಗೆ?' ಆ ಕವಿತೆಗೆ ಇದಕ್ಕಿಂತ ಸರಿಯಾದ ವಿಮರ್ಶೆ ಬರಲಿಲ್ಲ.

ಅಪ್ಪನನ್ನು ಬೈಯ್ಯಲಾರೆ. ಒಂದೇ ರೊಟ್ಟಿ ಕೊಟ್ಟು, ಯಾವ ಮಗುವಿಗೆ ಹಾಕ್ತೀಯ ಅಂತ ಕೇಳುವ ವ್ಯವಸ್ಥೆಯನ್ನು ಮೊದಲು ಬೈಯ್ಯಬೇಕು. ಸರ್ಕಾರಿ ಕಾಲೇಜು, ಹಾಸ್ಟೆಲು, ಸ್ಕಾಲರ್‌ಶಿಪ್ಪಿಗಾಗಿ ಹೋರಾಡುವುದು ಅಕ್ಕ-ತಮ್ಮಂದಿರ ನಡುವಿನ ನ್ಯಾಯದ ಹೋರಾಟವೂ ಹೌದು. ಇಬ್ಬರಿಗೂ ಒಂದೇ ಸಮ ರೂಪಾಯಿ ಖರ್ಚಾಗಬೇಕು ಅಂತಲ್ಲ, 'ನಿನಗೇನು ಓದಬೇಕು?' ಎಂಬ ಪ್ರಶ್ನೆಯನ್ನು ಇಬ್ಬರಿಗೂ ಕೇಳಬೇಕು. ನನ್ನ ಅಕ್ಕನನ್ನು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಮೇಲ್ಜಾತಿಯವರ ಸಾಹಿತ್ಯ ನಮ್ಮ ಬೆವರನ್ನು ಮರೆಮಾಚಿತು ಅಂತ ನಾವು ಸಿಟ್ಟಾದೆವು. ಆ ಸಿಟ್ಟು ನ್ಯಾಯವಾದದ್ದು. ಅದೇ ಮರೆಮಾಚುವ ಕೆಲಸವನ್ನು ನಾವು ನಮ್ಮ ಮನೆಯೊಳಗೇ ಮಾಡಿದರೆ ಅದಕ್ಕೆ ಬಂಡಾಯ ಅಂತ ಹೇಗೆ ಹೆಸರಿಡೋದು? ಕಾನೂನು ಬಿಟ್ಟ ಲೆಕ್ಕವನ್ನು ನಾವು ಬರೆಯಬೇಕು. ಪಾಲಿನ ದಿನ ಬಂದಾಗ ಆ ಖುಲಾಸೆ ಪತ್ರವನ್ನು ಹರಿದೂ ಹಾಕಬೇಕು.