ಹೊಳೆಯ ದಂಡೆಯ ಬೇಸಗೆ: ಸ್ಮರಣಗದ್ಯದ ವಿಚಾರ

ಕನ್ನಡ ಗದ್ಯದಲ್ಲಿ ಒಂದು ಬಗೆಯ ಬರೆಹವು ಹೇರಳವಾಗಿ ಬೆಳೆದಿರುವುದನ್ನು ವಾಚಕರು ಬಲ್ಲರು. ಪಟ್ಟಣದಲ್ಲಿ ನೆಲಸಿದ ಕುಟುಂಬದವರು ಶಾಲೆಯ ರಜೆ ಬಂದೊಡನೆ ಹೊಳೆಯ ದಂಡೆಯ ಪೂರ್ವಿಕರ ಗ್ರಾಮಕ್ಕೆ ತೆರಳಿ, ಏಪ್ರಿಲ್ ಮೇ ತಿಂಗಳುಗಳನ್ನು ಅಲ್ಲಿ ಕಳೆದು ಬಂದ ಬಾಲ್ಯದ ನೆನಪುಗಳೇ ಅದರ ವಸ್ತು. ಮಾವಿನ ತೋಪು, ಮರಳ ದಿಬ್ಬ, ಸ್ನಾನಘಟ್ಟದ ಮೆಟ್ಟಿಲು, ಗುಡಿಯ ಗಂಟೆ, ಜಗಲಿಯ ಮೇಲೆ ಅಜ್ಜನ ಕಥೆ, ಬಿಸಿಲಿಗೆ ಹರಡಿದ ಸಂಡಿಗೆಗೆ ಮಕ್ಕಳ ಕಾವಲು: ಇಂತಹ ಬರೆಹಗಳನ್ನು ಒಂದರ ಮೇಲೊಂದು ಓದಿದರೆ ಊರಿನ ಹೆಸರು ಬೇರೆಯಾದರೂ ಊರು ಒಂದೇ ಆಗಿ ತೋರುತ್ತದೆ. ಈ ಏಕರೂಪತೆಗೆ ಕಾರಣವೇನೆಂಬುದು ವಿಚಾರಾರ್ಹವಾದುದು.

ಇದ್ದುದನ್ನು ಇದ್ದ ಹಾಗೆ ಹೇಳುವುದು ಕಾವ್ಯವಾದೀತೇ ಎಂಬ ಪ್ರಶ್ನೆಯನ್ನು ಪ್ರಾಚೀನ ಆಲಂಕಾರಿಕರೇ ಎತ್ತಿದ್ದಾರೆ. ಸೂರ್ಯನು ಮುಳುಗಿದನು, ಹಕ್ಕಿಗಳು ಗೂಡಿಗೆ ಮರಳಿದುವು ಎಂಬಂತಹ ಮಾತು ಬರಿಯ ವಾರ್ತೆಯೆಂದು ಭಾಮಹನು ತಿರಸ್ಕರಿಸಿದನು. ದಂಡಿಯಾದರೋ ಸ್ವಭಾವೋಕ್ತಿಯನ್ನು ಅಲಂಕಾರಗಳಲ್ಲಿ ಮೊದಲನೆಯದೆಂದು ಎಣಿಸಿದನು. ಇವರಿಬ್ಬರ ಮಾತಿಗೂ ಮೇಲೆ ಹೇಳಿದ ಬರೆಹಗಳು ನಿದರ್ಶನವಾಗಬಲ್ಲುವು. ವಸ್ತುವಿನ ಸ್ವಭಾವವನ್ನು ಕಂಡವನು ಬರೆದರೆ ಅದು ಸ್ವಭಾವೋಕ್ತಿ. ಎಲ್ಲರೂ ಹೇಳಿದುದನ್ನೇ ತಾನೂ ಹೇಳಿದರೆ ಅದು ವಾರ್ತೆ. ಮಾವಿನ ತೋಪು ಇತ್ತೆಂಬುದು ವಾರ್ತೆ. ಆ ತೋಪಿನ ಫಸಲನ್ನು ಹೂ ಬಿಟ್ಟಾಗಲೇ ಗುತ್ತಿಗೆಗೆ ಕೊಟ್ಟುದರಿಂದ, ಊರಿಗೆ ಬಂದ ಮೊಮ್ಮಕ್ಕಳು ತಮ್ಮ ಮರದ ಕಾಯನ್ನು ತಾವೇ ಕದ್ದು ತಿನ್ನಬೇಕಾಯಿತೆಂಬುದು ಸ್ವಭಾವೋಕ್ತಿ.

ಗ್ರೀಷ್ಮವು ಮನೋಹರವಾದ ಋತುವೆಂಬ ಭಾವನೆಯೂ ಪರೀಕ್ಷೆಗೆ ಒಳಗಾಗತಕ್ಕದ್ದು. ಕಾಳಿದಾಸನದೆಂದು ಪ್ರಸಿದ್ಧವಾದ ಋತುಸಂಹಾರವು ಗ್ರೀಷ್ಮವರ್ಣನೆಯಿಂದಲೇ ಆರಂಭವಾಗುತ್ತದೆ. ಅಲ್ಲಿ ಬೇಗೆಯಿಂದ ಬಳಲಿದ ಹಾವು ನವಿಲಿನ ನೆರಳಿನಲ್ಲಿ ಮಲಗುತ್ತದೆ. ಕಪ್ಪೆಯು ಹಾವಿನ ಹೆಡೆಯ ಕೆಳಗೆ ಕೂರುತ್ತದೆ. ತಾಪದ ಮುಂದೆ ಹುಟ್ಟುಹಗೆಯೂ ಮರೆತುಹೋಗುವುದೆಂಬುದು ಕವಿಯ ಆಶಯ. ಬೇಸಗೆಯ ಹಳ್ಳಿಮನೆಯ ಸ್ಥಿತಿಯೂ ಬಹುಮಟ್ಟಿಗೆ ಇಂತಹುದೇ. ಪಾಲುಪಟ್ಟಿಯ ವ್ಯಾಜ್ಯವನ್ನು ಒಡಲಲ್ಲಿಟ್ಟುಕೊಂಡ ಅಣ್ಣತಮ್ಮಂದಿರು ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವ ಕಾಲ ಅದು. ಮಕ್ಕಳಿಗೆ ಅದು ತಿಳಿಯದು. ಆದುದರಿಂದ ಮಕ್ಕಳ ನೆನಪಿನಲ್ಲಿ ಅದು ಬರಿಯ ಸಂಭ್ರಮ. ಆದರೆ ಬರೆಯುವ ಹೊತ್ತಿಗೆ ಲೇಖಕನು ಮಗುವಲ್ಲ. ಮಗುವಿನ ಕಣ್ಣನ್ನು ಉಳಿಸಿಕೊಂಡು ಹಿರಿಯನ ತಿಳಿವನ್ನು ಅದಕ್ಕೆ ಕೂಡಿಸದಿದ್ದರೆ ಆ ಚಿತ್ರವು ಅರ್ಧಕ್ಕೇ ನಿಲ್ಲುತ್ತದೆ.

ಈ ದಾರಿಯಲ್ಲಿ ಮುಂದೆ ನಡೆದವರಲ್ಲಿ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ (1904–1991) ಹೆಸರು ಮೊದಲು ನೆನಪಿಗೆ ಬರುವುದು ಸಹಜ. ಹಾಸನ ಜಿಲ್ಲೆಯ ಹೇಮಾವತಿಯ ತೀರದ ಗೊರೂರು ಅವರ ಕೃತಿಗಳಿಂದ ಕನ್ನಡಿಗರಿಗೆಲ್ಲ ಪರಿಚಿತವಾಯಿತು. 'ಹಳ್ಳಿಯ ಚಿತ್ರಗಳು', 'ನಮ್ಮ ಊರಿನ ರಸಿಕರು' ಮೊದಲಾದ ಗ್ರಂಥಗಳ ಬಾಳಿಕೆಗೆ ಹಾಸ್ಯವೊಂದೇ ಕಾರಣವೆನ್ನುವುದು ಸಾಲದು. ಗ್ರಂಥಕರ್ತರು ಅಲ್ಲಿ ಅತಿಥಿಗಳಲ್ಲ, ಊರಿನವರು. ರಜೆಗೆ ಬಂದವನಿಗೆ ಹಳ್ಳಿಯೆಂದರೆ ಒಂದು ಋತು. ಊರಿನವನಿಗೆ ಆರು ಋತುಗಳು. ಬೇಸಗೆಯಲ್ಲಿ ಸೊರಗಿ, ಮಕ್ಕಳು ದಾಟಿ ಆಡುವ ಹೊಳೆಯೇ ಆಷಾಢದಲ್ಲಿ ಹೊಲವನ್ನು ಕೊಚ್ಚಬಲ್ಲುದೆಂಬ ಎಚ್ಚರವು ಊರಿನವನ ನಗೆಯ ಹಿಂದೆ ಇರುತ್ತದೆ. ಆ ಎಚ್ಚರವಿಲ್ಲದ ನಗೆ ಬೇಗನೆ ಹಳಸುತ್ತದೆ.

ಆದರೂ ಈ ಪರಂಪರೆಯಲ್ಲಿ ಒಂದು ದೊಡ್ಡ ಕೊರತೆಯುಂಟು. ಬೇಸಗೆಯ ರಜೆ ಯಾರಿಗೆ ರಜೆಯಾಗಿತ್ತು? ಮಕ್ಕಳಿಗೆ ಆಗಿತ್ತು; ಉದ್ಯೋಗದಿಂದ ಬಂದ ಗಂಡಸರಿಗೆ ಆಗಿತ್ತು. ನಾಲ್ಕು ಜನರಿದ್ದ ಮನೆಯಲ್ಲಿ ಇಪ್ಪತ್ತು ಜನ ಸೇರಿದಾಗ, ಬಾವಿ ಬತ್ತಿದ ದಿನಗಳಲ್ಲಿ ಹೊಳೆಯ ಮರಳಿನಲ್ಲಿ ಒರತೆ ತೋಡಿ, ಚಿಪ್ಪಿನಿಂದ ನೀರು ಮೊಗೆದು, ಕೊಡ ತುಂಬಿ ಹೊತ್ತು ತಂದವರಿಗೆ ಅದು ವರ್ಷದ ಅತಿ ಕಠಿನವಾದ ದುಡಿಮೆಯ ಕಾಲ. ಸ್ಮರಣಗದ್ಯದಲ್ಲಿ ಅಜ್ಜಿಯ ಕೈಯ ರುಚಿಗೆ ಹತ್ತು ವಾಕ್ಯಗಳ ಸ್ತುತಿ ದೊರೆಯುತ್ತದೆ. ಅಜ್ಜಿಯು ಎಷ್ಟು ಹೊತ್ತಿಗೆ ಎದ್ದಳು, ಎಷ್ಟು ಹೊತ್ತಿಗೆ ಉಂಡಳು ಎಂಬುದಕ್ಕೆ ಅರ್ಧ ವಾಕ್ಯವೂ ಸಿಗದು. ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವಿತವೆಂದನು. ಊಟದ ವರ್ಣನೆಯಿದ್ದು ಒಲೆಯ ಹೊಗೆಯ ಪ್ರಸ್ತಾವವಿಲ್ಲದಿರುವುದು ಔಚಿತ್ಯಭಂಗವಲ್ಲದೆ ಮತ್ತೇನು?

ಈ ಕೊರತೆಯನ್ನು ತುಂಬಿದವರು ಕಾದಂಬರಿಕಾರರು. ಶಿವರಾಮ ಕಾರಂತರ 'ಮರಳಿ ಮಣ್ಣಿಗೆ'ಯಲ್ಲಿ ಕಡಲಿಗೂ ಹೊಳೆಗೂ ನಡುವಣ ಕೋಡಿಯೆಂಬ ಊರು ಪಾರೋತಿ, ಸರಸೋತಿಯರ ಬೆನ್ನಿನ ಮೇಲೆ ನಿಂತಿದೆ. ಹೊರಗೆ ಓದಲು ಹೋದ ಲಚ್ಚನಿಗೆ ಆ ಮನೆ ಅಸಹ್ಯವಾಗುತ್ತದೆ. ಅವನ ಮಗ ರಾಮನು ಅದೇ ಮಣ್ಣಿಗೆ ಮರಳುತ್ತಾನೆ. ದುಡಿದವರನ್ನು ಮೊದಲು ಕಾಣಿಸಿದುದರಿಂದಲೇ ಆ ಮರಳುವಿಕೆಗೆ ತೂಕ ಬಂದಿದೆ. ತೀರ್ಥಹಳ್ಳಿಯ ಕಡೆಯವರಾದ ಎಂ. ಕೆ. ಇಂದಿರಾ ಅವರು ತಾಯಿಯಿಂದ ಕೇಳಿದ ನಿಜಸಂಗತಿಯನ್ನು ಆಧರಿಸಿ ಬರೆದ 'ಫಣಿಯಮ್ಮ' (1976) ಇನ್ನೂ ಒಂದು ಹೆಜ್ಜೆ ಮುಂದಿದೆ. ಬಾಲವಿಧವೆಯಾಗಿ ಮಲೆನಾಡಿನ ದೊಡ್ಡ ಮನೆಯೊಂದರ ಅಡಿಗೆ, ಬಾಣಂತನಗಳಲ್ಲಿ ಬಾಳನ್ನೆಲ್ಲ ಸವೆಸಿದ ಹೆಂಗಸೇ ಅಲ್ಲಿ ಕಥಾನಾಯಿಕೆ. ನೆನಪಿನ ಬರೆಹಗಳಲ್ಲಿ ಹಿತ್ತಿಲ ಬಾಗಿಲಿನಲ್ಲಿ ನೆರಳಾಗಿ ಸುಳಿಯುವ ಮಡಿಯ ಮುದುಕಿಗೆ ಇಲ್ಲಿ ಹೆಸರೂ ಬುದ್ಧಿಯೂ ಧರ್ಮವಿವೇಕವೂ ದೊರೆತಿವೆ.

ಇವು ಕಲ್ಪನೆಯ ಕೃತಿಗಳು, ನೆನಪಿನ ಬರೆಹಕ್ಕೆ ಇವುಗಳ ಅಳತೆ ಸಲ್ಲದು ಎಂದು ಕೆಲವರು ಆಕ್ಷೇಪಿಸಬಹುದು. ಹತ್ತು ವರ್ಷದ ಬಾಲಕನು ಒಲೆಯ ಮುಂದಿನ ಕಷ್ಟವನ್ನು ಕಂಡಿರಲಿಲ್ಲವಾದರೆ ಅದನ್ನು ಬರೆಯುವುದೇ ಸುಳ್ಳಾಗದೇ ಎಂಬ ಪ್ರಶ್ನೆಗೆ ಬಲವಿದೆ. ಇದಕ್ಕೆ ಸಮಾಧಾನವಿಷ್ಟೆ: ಕಾಣದುದನ್ನು ಕಂಡೆನೆಂದು ಬರೆಯಬೇಕಾಗಿಲ್ಲ, ಕೇಳಿ ಬರೆಯಬಹುದು. ಇಂದಿರಾ ಅವರ ಕೃತಿಯು ಹುಟ್ಟಿದುದೇ ಕೇಳ್ಮೆಯಿಂದ.

ಈ ವಿಚಾರಕ್ಕೆ ಅವಸರವೂ ಉಂಟು. ಬಲ್ಲಾಳರಾಯನದುರ್ಗದ ಬಳಿ ಹುಟ್ಟಿ ಕಾವೇರಿಯನ್ನು ಸೇರುವ ಹೇಮಾವತಿಗೆ ಗೊರೂರಿನ ಬಳಿಯಲ್ಲಿಯೇ 1979ರಲ್ಲಿ ಅಣೆಕಟ್ಟು ಪೂರ್ಣವಾಯಿತು. ನಾಲೆಗಳಿಂದ ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಭೂಮಿಗೆ ನೀರು ದೊರೆತುದು ಅಲ್ಪವಾದ ಲಾಭವಲ್ಲ. ಅದನ್ನು ಮರೆತು ಬರಿದೆ ಕಣ್ಣೀರಿಡುವ ಲೇಖನವೂ ಅಸತ್ಯವೇ. ಆದರೆ ಮೇಲ್ಭಾಗದ ಅನೇಕ ಗ್ರಾಮಗಳು ಮುಳುಗಿದುವು. ಶೆಟ್ಟಿಹಳ್ಳಿಯಲ್ಲಿ ಹತ್ತೊಂಬತ್ತನೆಯ ಶತಮಾನದ ಇಗರ್ಜಿಯ ಹಾಳುಗೋಡೆಗಳು ಮಳೆಗಾಲದಲ್ಲಿ ಭಾಗಶಃ ನೀರಿನಲ್ಲಿ ಮುಳುಗಿ, ಬೇಸಗೆಯಲ್ಲಿ ನೀರಿಳಿದಾಗ ಪೂರ್ತಿಯಾಗಿ ಹೊರಗೆ ಕಾಣುತ್ತವೆ. ಒಕ್ಕಲೆದ್ದ ಮನೆಗಳ ಬಚ್ಚಲು, ತುಳಸಿಕಟ್ಟೆ, ನೀರಿನ ದಾರಿಗಳಿಗೆ ಅಂತಹ ಗುರುತೂ ಉಳಿದಿಲ್ಲ. ಅವು ಉಳಿದಿದ್ದರೆ ಬರೆಹದಲ್ಲಿ ಮಾತ್ರ ಉಳಿಯಬೇಕು.

ಆದುದರಿಂದ ಇಂತಹ ಬರೆಹವನ್ನು ಕೈಗೊಳ್ಳುವವರು ಹೊಳೆಯ ಸೊಬಗನ್ನು ವರ್ಣಿಸುವ ಮುನ್ನ ಕೆಲವು ಚಿಕ್ಕ ಪ್ರಶ್ನೆಗಳನ್ನು ಕೇಳಿಕೊಂಡರೆ ಒಳಿತು. ಸ್ನಾನಘಟ್ಟದಲ್ಲಿ ಯಾವ ಕೇರಿಯವರು ಎಲ್ಲಿ ಇಳಿಯುತ್ತಿದ್ದರು? ಯಾರಿಗೆ ಇಳಿಯಲು ಅನುಮತಿಯಿರಲಿಲ್ಲ? ಒರತೆಯನ್ನು ತೋಡಿದವರು ಯಾರು? ರಜೆ ಮುಗಿದು ಗಾಡಿ ಹೊರಟ ಮೇಲೆ ಮನೆಯಲ್ಲಿ ಉಳಿದವರಾರು? ಇವಕ್ಕೆ ಉತ್ತರ ಹೇಳಬಲ್ಲ ಅತ್ತೆಯರೂ ದೊಡ್ಡಮ್ಮಂದಿರೂ ಕೆಲವು ಮನೆಗಳಲ್ಲಿ ಇನ್ನೂ ಇದ್ದಾರೆ. ಅವರಿಗೆ ವಯಸ್ಸಾಗಿದೆ. ಮಾವಿನ ತೋಪಿನ ವರ್ಣನೆ ಮುಂದಿನ ವರ್ಷಕ್ಕೆ ಕಾಯಬಹುದು. ಅವರ ಮಾತನ್ನು ಈ ಬೇಸಗೆಯಲ್ಲಿಯೇ ಬರೆದಿಟ್ಟುಕೊಳ್ಳಬೇಕು.